ಭೂಮಿಯ ಬಿಸಿಯ ಲೆಕ್ಕ: ಪದೇ ಪದೇ ಕೇಳುವ ಪ್ರಶ್ನೆಗಳು

ವಾಯುಗುಣ ಬದಲಾವಣೆಯ ಮಾತು ಎತ್ತಿದರೆ ಚರ್ಚೆ ಬಹುಬೇಗ ರಾಜಕೀಯಕ್ಕೋ ಗಿಡ ನೆಡುವ ಕಾರ್ಯಕ್ರಮಕ್ಕೋ ಜಾರಿಬಿಡುತ್ತದೆ. ಇಲ್ಲಿ ಅವೆರಡೂ ಇಲ್ಲ. ಬೆಳಕು, ಶಾಖ, ಗಾಳಿ, ನೀರು ಇವುಗಳ ಭೌತವಿಜ್ಞಾನವಷ್ಟೇ ಇದೆ. ಅದರ ಅಡಿಪಾಯ ನೂರು ವರ್ಷಕ್ಕೂ ಹಳೆಯದು; ಪಿಯುಸಿಯಲ್ಲಿ ಭೌತಶಾಸ್ತ್ರ ಓದಿದವರಿಗೆ ಇದರಲ್ಲಿ ತೀರಾ ಹೊಸದೆನಿಸುವುದು ಕಡಿಮೆ.

ಭೂಮಿಯ ಸರಾಸರಿ ತಾಪಮಾನ ಯಾವುದರಿಂದ ನಿರ್ಧಾರವಾಗುತ್ತದೆ?

ಬರುವ ಶಕ್ತಿ, ಹೋಗುವ ಶಕ್ತಿ ಇವೆರಡರ ಜಮಾಖರ್ಚಿನಿಂದ. ಭೂಮಿ ಇರುವ ದೂರದಲ್ಲಿ ಸೂರ್ಯನಿಗೆ ನೇರ ಎದುರಾದ ಒಂದು ಚದರ ಮೀಟರ್ ಜಾಗಕ್ಕೆ ಸುಮಾರು 1361 ವ್ಯಾಟ್ ಬಿಸಿಲು ಬೀಳುತ್ತದೆ. ಆದರೆ ಭೂಮಿ ದುಂಡಗಿದೆ, ಅದರ ಅರ್ಧಭಾಗ ಸದಾ ಕತ್ತಲಲ್ಲಿರುತ್ತದೆ. ಇಡೀ ಮೇಲ್ಮೈಗೆ ಹಂಚಿದಾಗ ಪಾಲಿಗೆ ಬರುವುದು ಅದರ ಕಾಲುಭಾಗ, ಅಂದರೆ 340 ವ್ಯಾಟ್. ಅದರಲ್ಲೂ ಶೇ 30ರಷ್ಟನ್ನು ಮೋಡ, ಹಿಮ, ಮರಳುಗಾಡುಗಳು ಬಂದ ಹಾಗೆಯೇ ಹಿಂದಕ್ಕೆ ಕಳುಹಿಸುತ್ತವೆ. ಕೊನೆಗೆ ಭೂಮಿಗೆ ದಕ್ಕುವುದು ಸುಮಾರು 240 ವ್ಯಾಟ್.

ಬಿಸಿ ಇರುವ ಪ್ರತಿಯೊಂದು ವಸ್ತುವೂ ಶಾಖವನ್ನು ಕಿರಣಗಳಾಗಿ ಹೊರಸೂಸುತ್ತದೆ. ಭೂಮಿ ಸೂಸುವುದು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು. 240 ವ್ಯಾಟ್ ಬಂದಷ್ಟೇ ಹೊರಗೆ ಹೋಗಬೇಕಾದರೆ ಭೂಮಿ ಎಷ್ಟು ಬಿಸಿ ಇರಬೇಕೆಂದು, ಯಾವ ತಾಪಮಾನದಲ್ಲಿ ವಸ್ತು ಎಷ್ಟು ಶಾಖ ಸೂಸುತ್ತದೆ ಎಂದು ಹೇಳುವ ಸ್ಟೆಫಾನ್–ಬೋಲ್ಟ್ಸ್‌ಮನ್ ನಿಯಮದಿಂದ ಲೆಕ್ಕ ಹಾಕಿದರೆ ಉತ್ತರ ಮೈನಸ್ 18 ಡಿಗ್ರಿ ಸೆಲ್ಸಿಯಸ್. ನೆಲಮಟ್ಟದ ನಿಜವಾದ ಸರಾಸರಿಯಾದರೋ ಸುಮಾರು 15 ಡಿಗ್ರಿ. ನಡುವಿನ ಈ 33 ಡಿಗ್ರಿಯನ್ನು ಒದಗಿಸುವುದು ವಾಯುಮಂಡಲ. ಇದೇ ಹಸಿರುಮನೆ ಪರಿಣಾಮ. ಇದು ಇಲ್ಲದಿದ್ದರೆ ನಾವೂ ಇರುತ್ತಿರಲಿಲ್ಲ. ಹಾಗಾಗಿ ಹಸಿರುಮನೆ ಪರಿಣಾಮವೇ ಕೆಟ್ಟದ್ದು ಎನ್ನುವುದು ತಪ್ಪು.

ಹಸಿರುಮನೆ ಅನಿಲಗಳು ನಿಜವಾಗಿ ಏನು ಮಾಡುತ್ತವೆ?

ಒಣ ಗಾಳಿಯಲ್ಲಿ ಶೇ 99ರಷ್ಟು ಇರುವುದು ಸಾರಜನಕ ಮತ್ತು ಆಮ್ಲಜನಕ. ಎರಡೆರಡು ಒಂದೇ ಬಗೆಯ ಪರಮಾಣುಗಳಿಂದಾದ ಈ ಅಣುಗಳು ಅವಕೆಂಪು ಕಿರಣವನ್ನು ಮುಟ್ಟುವುದೇ ಇಲ್ಲ ಎನ್ನಬಹುದು. ಇಂಗಾಲದ ಡೈಆಕ್ಸೈಡ್ ಅಣುವಿನಲ್ಲಿ ಮೂರು ಪರಮಾಣುಗಳು ಸಾಲಾಗಿವೆ. ಅದು ಬಾಗಿ ಬಳುಕಿ ಕಂಪಿಸುವಾಗ 15 ಮೈಕ್ರಾನ್ ಆಸುಪಾಸಿನ ಕಿರಣಗಳನ್ನು ಹೀರಬಲ್ಲದು, ಮತ್ತೆ ಎಲ್ಲ ದಿಕ್ಕಿಗೂ ಸೂಸಬಲ್ಲದು. ಭೂಮಿ ತನ್ನ ಶಾಖದ ದೊಡ್ಡ ಪಾಲನ್ನು ಹೊರಹಾಕುವುದು ಈ ಅಲೆಯುದ್ದದ ಸುತ್ತಮುತ್ತಲೇ.

1856ರಲ್ಲಿ ಅಮೆರಿಕದ ಯೂನಿಸ್ ಫುಟ್ ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಅನಿಲ ತುಂಬಿ ಬಿಸಿಲಿಗಿಟ್ಟು, ಇಂಗಾಲದ ಡೈಆಕ್ಸೈಡ್ ಇದ್ದ ಕೊಳವೆ ಹೆಚ್ಚು ಬಿಸಿಯಾಗುವುದನ್ನು ಕಂಡರು. ವಾತಾವರಣದಲ್ಲಿ ಈ ಅನಿಲ ಹೆಚ್ಚಿದ್ದರೆ ಭೂಮಿ ಈಗಿನದಕ್ಕಿಂತ ಬಿಸಿಯಾಗಿರುತ್ತಿತ್ತು ಎಂದು ಬರೆದವರೂ ಅವರೇ. ಮೂರು ವರ್ಷಗಳ ನಂತರ ಲಂಡನ್ನಿನಲ್ಲಿ ಜಾನ್ ಟಿಂಡಾಲ್ ಶಾಖಕಿರಣಗಳನ್ನೇ ಬಳಸಿ ಇದನ್ನು ಅಳೆದರು. ಟಿಂಡಾಲರ ಹೆಸರು ಪಠ್ಯಪುಸ್ತಕ ಸೇರಿತು. ಫುಟ್ ಅವರನ್ನು ಲೋಕ ನೆನಪಿಸಿಕೊಳ್ಳಲು ಒಂದೂವರೆ ಶತಮಾನ ಬೇಕಾಯಿತು.

ಇದನ್ನು ನೋಡಲು ಪ್ರಯೋಗಾಲಯವೇ ಬೇಕೆಂದಿಲ್ಲ. ಮಾಗಿಯ ದಿನಗಳಲ್ಲಿ ಬಯಲುಸೀಮೆಯ ಅವರೆ ಹೊಲಕ್ಕೆ ಬೆಳಗ್ಗೆ ಹೋದರೆ, ಮೋಡವಿಲ್ಲದ ರಾತ್ರಿ ಕಳೆದಿದ್ದರೆ ಎಲೆಗಳ ಮೇಲೆ ಇಬ್ಬನಿ ತೊಟ್ಟಿಕ್ಕುತ್ತಿರುತ್ತದೆ. ನೆಲ ಮತ್ತು ಎಲೆ ರಾತ್ರಿಯಿಡೀ ತಮ್ಮ ಶಾಖವನ್ನು ಆಕಾಶಕ್ಕೆ ಸೂಸಿ, ಸುತ್ತಲ ಗಾಳಿಗಿಂತಲೂ ತಣ್ಣಗಾಗಿರುವುದರ ಫಲ ಅದು. ಮೋಡ ಕವಿದ ರಾತ್ರಿ ಇಬ್ಬನಿ ಅಪರೂಪ, ಚಳಿಯೂ ಕಡಿಮೆ, ಏಕೆಂದರೆ ಮೋಡ ನೆಲದತ್ತ ಶಾಖವನ್ನು ಮರಳಿ ಸೂಸುತ್ತಿರುತ್ತದೆ. ಇಬ್ಬನಿ ಬಿದ್ದರೇ ಅವರೆಗೆ ಸೊಗಡು ಎನ್ನುವ ರೈತರು ವಿಕಿರಣದ ಭೌತಶಾಸ್ತ್ರವನ್ನು ತಮ್ಮದೇ ರೀತಿಯಲ್ಲಿ ಬಲ್ಲರು.

ಗಾಳಿಯಲ್ಲಿ ಶೇ 0.04ರಷ್ಟು ಮಾತ್ರ ಇರುವ ಇಂಗಾಲದ ಡೈಆಕ್ಸೈಡ್‌ನಿಂದ ಏನಾದೀತು?

ಶೇಕಡಾವಾರು ಸಣ್ಣದಿದೆ ಎಂಬುದು ವಾದವೇ ಅಲ್ಲ. ಅವಕೆಂಪು ಕಿರಣದ ಲೆಕ್ಕಕ್ಕೆ ಸಾರಜನಕ, ಆಮ್ಲಜನಕಗಳು ಇದ್ದರೂ ಇಲ್ಲದಂತೆ. ಕಿರಣದ ದಾರಿಯಲ್ಲಿ ಹೀರಬಲ್ಲ ಅಣುಗಳು ಒಟ್ಟು ಎಷ್ಟಿವೆ ಎಂಬುದೇ ಮುಖ್ಯ. ಓಝೋನ್ ಪದರದ ಅತಿ ದಟ್ಟ ಭಾಗದಲ್ಲೂ ಓಝೋನ್ ಇರುವುದು ಹತ್ತು ಲಕ್ಷಕ್ಕೆ ಹತ್ತು ಭಾಗದ ಆಸುಪಾಸು. ಆದರೂ ಸೂರ್ಯನ ಅತಿನೇರಳೆ ಕಿರಣಗಳಲ್ಲಿ ಅತ್ಯಂತ ಅಪಾಯಕಾರಿಯಾದವನ್ನು ಅದು ತಡೆಯುತ್ತದೆ.

ಇರುವ ಇಂಗಾಲದ ಡೈಆಕ್ಸೈಡೇ ತಾನು ಹೀರಬಲ್ಲ ಅವಕೆಂಪು ಕಿರಣಗಳನ್ನೆಲ್ಲ ಹೀರುತ್ತಿದೆಯಲ್ಲ, ಇನ್ನಷ್ಟು ಸೇರಿದರೆ ಏನು ವ್ಯತ್ಯಾಸ?

ನನ್ನ ಮಟ್ಟಿಗೆ ಈ ಪಟ್ಟಿಯ ಅತ್ಯುತ್ತಮ ಪ್ರಶ್ನೆ ಇದು. 1900ರಲ್ಲಿ ಸ್ವೀಡನ್ನಿನ ಕ್ನುಟ್ ಓಂಗ್‌ಸ್ಟ್ರೋಮ್ ಇದನ್ನೇ ಎತ್ತಿದ್ದರು. ಕೊಳವೆಯಲ್ಲಿ ಅನಿಲದ ಪ್ರಮಾಣ ಬದಲಿಸಿದರೂ ಹೀರಿಕೆ ಹೆಚ್ಚೇನೂ ಬದಲಾಗಲಿಲ್ಲ ಎಂಬ ಪ್ರಯೋಗವನ್ನು ಮುಂದಿಟ್ಟರು. ಹಲವು ದಶಕ ಅನೇಕರು ಇದನ್ನು ಒಪ್ಪಿಕೊಂಡೂ ಇದ್ದರು.

ಅವರು ವಾಯುಮಂಡಲವನ್ನು ಒಂದೇ ತಟ್ಟೆಯಂತೆ ಎಣಿಸಿದ್ದೇ ತೊಡಕಾಯಿತು. ನಿಜದಲ್ಲಿ ಗಾಳಿ ಮೇಲೆ ಹೋದಂತೆ ತೆಳ್ಳಗಾಗುತ್ತದೆ, ತಣ್ಣಗೂ ಆಗುತ್ತದೆ. ಕಿಲೋಮೀಟರಿಗೆ ಸರಾಸರಿ ಆರೂವರೆ ಡಿಗ್ರಿಯಂತೆ. ಮಂಗಳೂರಿನಲ್ಲಿ ಬೆವರುವವರು ಕೆಮ್ಮಣ್ಣುಗುಂಡಿಯಲ್ಲಿ ಸ್ವೆಟರ್ ಹುಡುಕುವುದು ಇದರಿಂದಲೇ. ನೆಲದಿಂದ ಹೊರಟ ಶಾಖ ಒಂದು ಅಣುವಿನಿಂದ ಇನ್ನೊಂದಕ್ಕೆ ಕೈಬದಲಾಗುತ್ತ, ಹೀರಲ್ಪಡುತ್ತ, ಮರಳಿ ಸೂಸಲ್ಪಡುತ್ತ ಮೇಲೇರುತ್ತದೆ. ಮೇಲಿನ ಗಾಳಿ ಸಾಕಷ್ಟು ವಿರಳವಾದ ಒಂದು ಎತ್ತರದಲ್ಲಿ ಮಾತ್ರ ಅದಕ್ಕೆ ಬಾಹ್ಯಾಕಾಶಕ್ಕೆ ಪಾರಾಗಲು ದಾರಿ ಸಿಗುತ್ತದೆ. ಎಲ್ಲ ಅಲೆಯುದ್ದಗಳ ಸರಾಸರಿ ತೆಗೆದರೆ ಆ ಎತ್ತರ ಸುಮಾರು 5 ಕಿ.ಮೀ. ಅಲ್ಲಿನ ತಾಪಮಾನವೇ ಆ ಮೈನಸ್ 18 ಡಿಗ್ರಿ. ಐದನ್ನು ಆರೂವರೆಯಿಂದ ಗುಣಿಸಿ ನೋಡಿ, 33ರ ಹತ್ತಿರ ಬರುತ್ತದೆ.

ಈಗ ಇನ್ನಷ್ಟು ಅನಿಲ ಸೇರಿಸಿದೆವು ಎನ್ನೋಣ. ಶಾಖ ಪಾರಾಗುವ ಎತ್ತರ ಸ್ವಲ್ಪ ಮೇಲಕ್ಕೆ ಸರಿಯುತ್ತದೆ. ಅಲ್ಲಿ ಗಾಳಿ ಇನ್ನೂ ತಣ್ಣಗಿದೆ. ತಣ್ಣಗಿನದು ಸೂಸುವುದು ಕಡಿಮೆ. ಒಳಗೆ 240 ವ್ಯಾಟ್ ಬರುತ್ತಲೇ ಇದೆ, ಹೊರಗೆ ಹೋಗುವುದು ಅದಕ್ಕಿಂತ ಕಡಿಮೆಯಾಯಿತು. ಆ ಹೊಸ ಎತ್ತರವೂ ಮೈನಸ್ 18ಕ್ಕೆ ಏರುವವರೆಗೆ ಕೆಳಗಿನ ಇಡೀ ವಾಯುಮಂಡಲ, ಅದರೊಂದಿಗೆ ನೆಲ ಮತ್ತು ಸಮುದ್ರ, ಬಿಸಿಯಾಗುತ್ತಲೇ ಹೋಗಬೇಕಾಗುತ್ತದೆ. ಕೆಳಮಟ್ಟದಲ್ಲಿ ಹೀರಿಕೆ ಪೂರ್ಣವಾಗಿದೆಯೋ ಇಲ್ಲವೋ ಎಂಬುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಇದು ಮನುಷ್ಯರಿಂದಲೇ ಆದದ್ದು ಎನ್ನಲು ಏನು ಪುರಾವೆ?

ಮೊದಲು ಅನಿಲದ ವಿಚಾರ. ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ ಅಳತೆ ಆರಂಭಿಸಿದಾಗ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷ ಭಾಗಕ್ಕೆ ಸುಮಾರು 315 ಭಾಗ ಇತ್ತು. 2024ರಲ್ಲಿ ಅಲ್ಲಿನ ಸರಾಸರಿ 424 ದಾಟಿತು. ಕೈಗಾರಿಕೆಗಳು ಬರುವ ಮುನ್ನ ಅದು 280ರಷ್ಟಿತ್ತು ಎಂಬುದನ್ನು ಹಿಮದೊಳಗೆ ಸಿಕ್ಕಿಬಿದ್ದ ಹಳೆಯ ಗಾಳಿಗುಳ್ಳೆಗಳು ತಿಳಿಸುತ್ತವೆ. ಅಂಟಾರ್ಕ್ಟಿಕಾದ ಹಿಮದಲ್ಲಿ ಎಂಟು ಲಕ್ಷ ವರ್ಷಗಳ ದಾಖಲೆ ಇದೆ. ಕೈಗಾರಿಕಾ ಯುಗಕ್ಕೆ ಮುನ್ನ ಅದು 300ರ ಗಡಿಯನ್ನು ದಾಟಿಕೊಂಡು ಹೋದದ್ದೇ ಇಲ್ಲ.

ಹೆಚ್ಚಿದ ಅನಿಲದ ಮೂಲವನ್ನು ಅದರ ಇಂಗಾಲವೇ ಹೇಳುತ್ತದೆ. ಗಿಡಗಳು ಭಾರವಾದ ಇಂಗಾಲ-13ಕ್ಕಿಂತ ಹಗುರವಾದ ಇಂಗಾಲ-12ನ್ನು ಹೆಚ್ಚು ಬಳಸುತ್ತವೆ. ಕಲ್ಲಿದ್ದಲು, ಪೆಟ್ರೋಲಿಯಂ ಎರಡೂ ಪುರಾತನ ಜೀವರಾಶಿಯ ಅವಶೇಷ. ಹಾಗಾಗಿ ಅವುಗಳ ಹೊಗೆ ಸೇರಿದಂತೆ ಗಾಳಿಯಲ್ಲಿ ಇಂಗಾಲ-13ರ ಪಾಲು ಇಳಿಯಬೇಕು, ಇಳಿಯುತ್ತಿದೆ. ವಿಕಿರಣಶೀಲ ಇಂಗಾಲ-14ರ ಅರ್ಧಾಯುಷ್ಯ 5,730 ವರ್ಷ. ಕೋಟ್ಯಂತರ ವರ್ಷ ಹಳೆಯ ಕಲ್ಲಿದ್ದಲಿನಲ್ಲಿ ಅದು ಪೂರ್ತಿ ಅಳಿದುಹೋಗಿರುತ್ತದೆ, ಆದ್ದರಿಂದ ಅದರ ಹೊಗೆ ಗಾಳಿಯ ಇಂಗಾಲ-14ನ್ನೂ ತೆಳ್ಳಗಾಗಿಸುತ್ತದೆ. ಉರಿಯಲು ಆಮ್ಲಜನಕ ಬೇಕಲ್ಲವೇ? ಗಾಳಿಯಲ್ಲಿ ಅದೂ ಅತಿ ಸಣ್ಣ ಪ್ರಮಾಣದಲ್ಲಿ, ಆದರೆ ಅಳೆಯಬಹುದಾದಷ್ಟು, ಕಡಿಮೆಯಾಗುತ್ತಿದೆ. ಜ್ವಾಲಾಮುಖಿಗಳನ್ನು ದೂರುವವರಿಗೆ ಒಂದು ಮಾತು: ಅವು ವರ್ಷಕ್ಕೆ ಉಗುಳುವುದು ಮನುಷ್ಯ ಹೊರಹಾಕುವುದರ ಶೇ 1ಕ್ಕಿಂತ ಕಡಿಮೆ.

ಇನ್ನು ಬಿಸಿಯ ವಿಚಾರ. ಸೂರ್ಯನೇ ಪ್ರಖರನಾಗಿದ್ದರೆ ವಾಯುಮಂಡಲ ಕೆಳಗಿನಿಂದ ಮೇಲಿನವರೆಗೂ ಬಿಸಿಯಾಗಬೇಕಿತ್ತು. ಹಸಿರುಮನೆ ಅನಿಲ ಕಾರಣವಾದರೆ ನೆಲದ ಬಳಿ ಬಿಸಿ, ಮೇಲಿನ ಸಮೋಷ್ಣ ಮಂಡಲದಲ್ಲಿ (ಓಝೋನ್ ಪದರ ಇರುವ ಭಾಗ) ತಂಪು ಆಗಬೇಕು ಎಂದು ಸ್ಯುಕುರೊ ಮನಾಬೆ ಮತ್ತು ರಿಚರ್ಡ್ ವೆದರಾಲ್ಡ್ 1967ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಆಮೇಲೆ ಉಪಗ್ರಹಗಳು ಕಂಡದ್ದು ಹಾಗೆಯೇ: ಕೆಳಗೆ ಬಿಸಿ, ಮೇಲೆ ತಂಪು. ಮನಾಬೆ 2021ರ ಭೌತಶಾಸ್ತ್ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ಸೂರ್ಯನ ಪ್ರಖರತೆಯನ್ನು 1978ರಿಂದ ಉಪಗ್ರಹಗಳು ಅಳೆಯುತ್ತಿವೆ. ಹನ್ನೊಂದು ವರ್ಷದ ಚಕ್ರದಲ್ಲಿ ಅದು ಶೇ 0.1ರಷ್ಟು ಏರಿಳಿಯುತ್ತದೆ, ಏರುಮುಖವೇನೂ ಇಲ್ಲ.

ನೀರಾವಿಯೇ ಅತಿ ದೊಡ್ಡ ಹಸಿರುಮನೆ ಅನಿಲವಲ್ಲವೇ?

ಹೌದು. ಆದರೆ ಅದು ಸ್ವತಂತ್ರವಲ್ಲ. ಹೆಚ್ಚಾದ ನೀರಾವಿ ಹತ್ತು ದಿನಗಳೊಳಗೆ ಮಳೆಯಾಗಿ ಇಳಿದುಬಿಡುತ್ತದೆ. ಗಾಳಿ ಎಷ್ಟು ಆವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು ಎಂಬುದನ್ನು ತಾಪಮಾನ ನಿರ್ಧರಿಸುತ್ತದೆ, ಡಿಗ್ರಿಗೆ ಸುಮಾರು ಶೇ 7ರಂತೆ. ಇಂಗಾಲದ ಡೈಆಕ್ಸೈಡ್ ಹಾಗೆ ಮಳೆಯಾಗಿ ಸುರಿದು ಹೋಗುವುದಿಲ್ಲ. ಅದು ಸ್ವಲ್ಪ ಬಿಸಿ ಮಾಡಿದರೆ ಆವಿ ಹೆಚ್ಚುತ್ತದೆ, ಆವಿ ಮತ್ತಷ್ಟು ಬಿಸಿ ಮಾಡುತ್ತದೆ. ಆವಿಯಿಂದ ಬಿಸಿ ಮೂಲ ಏರಿಕೆಯ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ.

ಇಂಗಾಲದ ಡೈಆಕ್ಸೈಡ್ ಎರಡು ಪಟ್ಟಾದರೆ ಎಷ್ಟು ಬಿಸಿ?

ಬೇರೇನೂ ಬದಲಾಗದಿದ್ದರೆ ಒಂದು ಡಿಗ್ರಿಗಿಂತ ತುಸು ಹೆಚ್ಚು. ಇದು ಶುದ್ಧ ವಿಕಿರಣದ ಲೆಕ್ಕ, ಇದರಲ್ಲಿ ತಕರಾರಿಲ್ಲ. ನೀರಾವಿ, ಕರಗುವ ಹಿಮ, ಮೋಡ ಇವುಗಳ ಮರುಪರಿಣಾಮ ಸೇರಿಸಿದರೆ ಅಂದಾಜು 3 ಡಿಗ್ರಿ. 1896ರಲ್ಲಿ ಸ್ವಾಂಟೆ ಅರೀನಿಯಸ್ ಕೈಲೆಕ್ಕದಲ್ಲೇ 5ರಿಂದ 6 ಡಿಗ್ರಿ ಎಂದಿದ್ದರು. 1979ರಲ್ಲಿ ಜೂಲ್ ಚಾರ್ನಿ ನೇತೃತ್ವದ ಸಮಿತಿ 1.5ರಿಂದ 4.5 ಎಂದಿತು. ವಿಶ್ವಸಂಸ್ಥೆಯ ವಾಯುಗುಣ ಸಮಿತಿಯಾದ ಐಪಿಸಿಸಿಯ 2021ರ ವರದಿ ಆ ಅಂತರವನ್ನು 2.5–4 ಡಿಗ್ರಿಗೆ ಕಿರಿದಾಗಿಸಿತು. ನಲವತ್ತು ವರ್ಷಗಳ ಕಂಪ್ಯೂಟರ್ ದುಡಿಮೆಯ ನಂತರವೂ ಅಂತರ ಇಷ್ಟು ಉಳಿದಿರುವುದಕ್ಕೆ ಮುಖ್ಯ ಕಾರಣ ಮೋಡ. ಅದರ ಮಾತು ಕೊನೆಗೆ ಬರುತ್ತದೆ.

ಮುಂದಿನ ವಾರದ ಮಳೆಯನ್ನೇ ಸರಿಯಾಗಿ ಹೇಳಲಾಗದವರು 2100ರ ಮಾತನ್ನು ಹೇಗೆ ಆಡುತ್ತಾರೆ?

ಮುಂದಿನ ವರ್ಷದ ಮೇ 14ರಂದು ಕಲಬುರಗಿಯಲ್ಲಿ ಎಷ್ಟು ಬಿಸಿಲಿರುತ್ತದೆ ಎಂದು ಯಾರೂ ಹೇಳಲಾರರು. ಆದರೆ ಅಲ್ಲಿನ ಮೇ ತಿಂಗಳು ಡಿಸೆಂಬರಿಗಿಂತ ಬಿಸಿಯಾಗಿರುತ್ತದೆ ಎಂಬುದರ ಬಗ್ಗೆ ಯಾರಾದರೂ ಬಾಜಿ ಕಟ್ಟುತ್ತಾರೆಯೇ? ಮೊದಲನೆಯದು ಇವತ್ತಿನ ಗಾಳಿಯ ಸ್ಥಿತಿಯನ್ನು ಆಧರಿಸಿದ್ದು; ಅದರಲ್ಲಿನ ಅತಿ ಸಣ್ಣ ತಪ್ಪೂ ಎರಡು ವಾರದೊಳಗೆ ಬೆಳೆದು ಮುನ್ಸೂಚನೆಯನ್ನು ನುಂಗಿಬಿಡುತ್ತದೆ ಎಂಬುದಕ್ಕೆ 1963ರಲ್ಲಿ ಎಡ್ವರ್ಡ್ ಲೊರೆನ್ಜ್ ತಳಹದಿ ಹಾಕಿದರು. ಎರಡನೆಯದು ಎಷ್ಟು ಶಕ್ತಿ ಒಳಬರುತ್ತದೆ, ಎಷ್ಟು ಹೊರಹೋಗುತ್ತದೆ ಎಂಬುದನ್ನು ಆಧರಿಸಿದ್ದು. ಎರಡೂ ಒಂದೇ ಸಮೀಕರಣಗಳನ್ನು ಬಳಸಿದರೂ ಕೇಳುವ ಪ್ರಶ್ನೆ ಬೇರೆ.

ಹಿಂದೆಯೂ ವಾಯುಗುಣ ಬದಲಾಗಿತ್ತಲ್ಲ?

ಬದಲಾಗಿತ್ತು, ಕಾರಣವಿಲ್ಲದೆ ಅಲ್ಲ. ಭೂಮಿಯ ಕಕ್ಷೆಯ ಆಕಾರ, ಅಕ್ಷದ ವಾಲಿಕೆ, ಅಕ್ಷದ ತೂಗಾಟ ಇವು ಸುಮಾರು 1,00,000, 41,000 ಮತ್ತು 23,000 ವರ್ಷಗಳ ಚಕ್ರಗಳಲ್ಲಿ ಬದಲಾಗುತ್ತವೆ. ಸರ್ಬಿಯಾದ ಮಿಲುಟಿನ್ ಮಿಲಾಂಕೋವಿಚ್ ಇವನ್ನು ಹಿಮಯುಗಗಳಿಗೆ ಜೋಡಿಸಿದರು. ಉತ್ತರದ ಬೇಸಿಗೆ ಬಿಸಿಲು ಕುಗ್ಗಿದರೆ ಹಿಮ ಕರಗದೆ ಉಳಿಯುತ್ತದೆ, ಬಿಳಿಯ ಹಿಮ ಇನ್ನಷ್ಟು ಬಿಸಿಲನ್ನು ಹಿಂದಿರುಗಿಸುತ್ತದೆ, ತಣ್ಣಗಾದ ಸಮುದ್ರ ಇಂಗಾಲವನ್ನು ಹಿಡಿದಿಡುತ್ತದೆ. 20,000 ವರ್ಷಗಳ ಹಿಂದೆ ಹಿಮಯುಗ ತುತ್ತತುದಿಯಲ್ಲಿದ್ದಾಗ ಸಮುದ್ರ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು.

ಹಿಮಯುಗ ಮುಗಿಯುವಾಗ ಮೊದಲು ಬಿಸಿ, ಆಮೇಲೆ ಇಂಗಾಲ ಏರಿತಲ್ಲ ಎಂದು ಕೆಲವರು ಕೇಳುತ್ತಾರೆ. ಅಂಟಾರ್ಕ್ಟಿಕಾದ ಮಟ್ಟಿಗೆ ಆರಂಭ ಕಕ್ಷೆಯ ಬದಲಾವಣೆಯಿಂದಲೇ ಆಯಿತು. ಆ ಬಿಸಿಯನ್ನು ಜಗತ್ತಿಗೆಲ್ಲ ಹರಡಿ ಹೆಚ್ಚಿಸಿದ್ದು ಸಮುದ್ರದಿಂದ ಹೊರಬಂದ ಇಂಗಾಲ. ಈ ಸಲ ಇಂಗಾಲವೇ ಮೊದಲು ಬಂದಿದೆ. ಅಂದು 5ರಿಂದ 6 ಡಿಗ್ರಿ ಏರಲು ಸಾವಿರಾರು ವರ್ಷ ಹಿಡಿದಿತ್ತು. ಈಗ ಒಂದು ಡಿಗ್ರಿಗೂ ಮಿಕ್ಕಿ ಏರಿರುವುದು ಒಂದೂವರೆ ಶತಮಾನದಲ್ಲಿ, ಅದರಲ್ಲೂ ಬಹುಪಾಲು 1970ರ ನಂತರ.

ಹೆಚ್ಚುವರಿ ಶಾಖ ಎಲ್ಲಿಗೆ ಹೋಗುತ್ತಿದೆ?

ಶೇ 90ರಷ್ಟು ಸಮುದ್ರಕ್ಕೆ. ಸುಮಾರು ನಾಲ್ಕು ಸಾವಿರ ಆರ್ಗೋ ತೇಲುಯಂತ್ರಗಳು 2000 ಮೀಟರ್ ಆಳಕ್ಕೆ ಇಳಿದು ಏರುತ್ತ ನೀರಿನ ತಾಪಮಾನ, ಲವಣಾಂಶ ಅಳೆಯುತ್ತಿವೆ. ಭಾರತದ ಪಾಲಿನ ಕೆಲಸ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರವಾದ ಇನ್‌ಕಾಯ್ಸ್ ಸಂಸ್ಥೆಯದು. ಬಿಸಿಯಾದ ನೀರು ಹಿಗ್ಗುತ್ತದೆ, ನೆಲದ ಮೇಲಿನ ಹಿಮ ಕರಗಿ ಸೇರುತ್ತದೆ. ಹೀಗೆ 1901ರಿಂದ 2018ರ ನಡುವೆ ಸಮುದ್ರಮಟ್ಟ ಸುಮಾರು 20 ಸೆಂಟಿಮೀಟರ್ ಏರಿತು. ಉತ್ತರ ಧ್ರುವದಲ್ಲಿ ತೇಲುವ ಹಿಮ ಕರಗಿದರೆ ಮಟ್ಟ ಹೆಚ್ಚೇನೂ ಏರದು, ಅದು ಆಗಲೇ ನೀರಿನಲ್ಲಿದೆ.

ನೆಲ ಕಾದರೆ ಮುಂಗಾರು ಬಲವಾಗಬೇಕಲ್ಲವೇ?

ಬೇಸಿಗೆಯಲ್ಲಿ ನೆಲ ಕಾಯುತ್ತದೆ, ಗಾಳಿ ಮೇಲೇರುತ್ತದೆ, ಸಮುದ್ರದ ತೇವದ ಗಾಳಿ ಒಳನುಗ್ಗುತ್ತದೆ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಇದು ಪೂರ್ತಿ ಸರಿಯಲ್ಲ. ನೆಲ ಅತಿ ಹೆಚ್ಚು ಕಾದಿರುವುದು ಮೇ ತಿಂಗಳಲ್ಲಿ, ಮಳೆ ಸುರಿಯುವುದು ಜುಲೈಯಲ್ಲಿ. ಬರಗಾಲದ ವರ್ಷದಲ್ಲಿ ನೆಲ ಒಳ್ಳೆಯ ಮಳೆಯ ವರ್ಷಕ್ಕಿಂತ ಬಿಸಿಯಾಗಿರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಇದನ್ನೇ ಒತ್ತಿ ಹೇಳಿದರು. ಅವರ ಪ್ರಕಾರ ಮುಂಗಾರು ಎಂದರೆ ಭೂಮಧ್ಯರೇಖೆಯ ಬಳಿ ಇರುವ ಮೋಡಗಳ ಪಟ್ಟಿ ಬೇಸಿಗೆಯಲ್ಲಿ ಸೂರ್ಯನ ಹಿಂದೆ ಉತ್ತರಕ್ಕೆ, ನಮ್ಮ ನೆಲದ ಮೇಲಕ್ಕೆ ಸರಿಯುವುದು. ನೆಲದ ಕಾವು ಅದಕ್ಕೆ ಬಾಗಿಲು ತೆರೆಯಬಹುದು. ಆಮೇಲೆ ಮುಂಗಾರನ್ನು ನಡೆಸುವುದು ಆವಿ ನೀರಾಗುವಾಗ ಮೇಲೆ ಬಿಡುಗಡೆಯಾಗುವ ಶಾಖ.

ಆ ಆವಿಯನ್ನು ತರುವುದು ಸೊಮಾಲಿಯಾ ತೀರದ ಬಳಿ ಭೂಮಧ್ಯರೇಖೆ ದಾಟಿ ಅರಬ್ಬಿ ಸಮುದ್ರದ ಮೇಲೆ ಬೀಸುವ ವೇಗದ ಗಾಳಿ. ಪಶ್ಚಿಮ ಘಟ್ಟಕ್ಕೆ ಡಿಕ್ಕಿ ಹೊಡೆದು ಏರಿದ ಗಾಳಿ ತಣ್ಣಗಾಗಿ ಮಳೆ ಸುರಿಸುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ. ಅಲ್ಲಿಂದ ನೇರ ದೂರದಲ್ಲಿ 200 ಕಿ.ಮೀ. ಕೂಡ ಆಗದ ಚಳ್ಳಕೆರೆಯಲ್ಲಿ 500 ಮಿ.ಮೀ. ಆಸುಪಾಸು. ಘಟ್ಟ ಇಳಿಯುವ ಗಾಳಿ ಒತ್ತಡಕ್ಕೆ ಸಿಕ್ಕಿ ಬಿಸಿಯಾಗಿ, ಮೋಡ ಚದುರಿಸಿಕೊಂಡು ಬಯಲುಸೀಮೆಗೆ ಒಣಗಿ ಬರುತ್ತದೆ.

ಜಗತ್ತು ಬಿಸಿಯಾದಂತೆ ಗಾಳಿಯಲ್ಲಿ ಆವಿ ಹೆಚ್ಚುತ್ತದೆ; ಆದ್ದರಿಂದ ಸುರಿದಾಗ ಧಾರಾಕಾರವಾಗಿ ಸುರಿಯುವ ಸಂಭವ ಹೆಚ್ಚು. ಆದರೆ ಹೆಚ್ಚು ಮಳೆ ಎಂದರೆ ಹದವಾದ ಮಳೆ ಎಂದಲ್ಲ. ನಾಲ್ಕು ದಿನದ ಮಳೆ ಒಂದೇ ರಾತ್ರಿ ಬಿದ್ದರೆ ಸರಾಸರಿ ಅಷ್ಟೇ ಇರುತ್ತದೆ, ಬಿತ್ತಿದ ಬೀಜ ಇರುವುದಿಲ್ಲ.

ಎಲ್ ನಿನೊ ಬಂದರೆ ಬರ ಖಚಿತವೇ?

ಖಚಿತವಲ್ಲ. ಪೆಸಿಫಿಕ್ ಸಾಗರದ ನಡು ಮತ್ತು ಪೂರ್ವಭಾಗ ಬಿಸಿಯಾಗುವುದೇ ಎಲ್ ನಿನೊ. ಆಗ ಮೋಡಗಳ ಏರಿಕೆ ಆ ಕಡೆ ಸರಿದು ನಮ್ಮ ಕಡೆ ಗಾಳಿ ಕುಸಿಯುವ ಸಂಭವ ಹೆಚ್ಚುತ್ತದೆ. 1997ರಲ್ಲಿ ಶತಮಾನದ ಅತಿ ಪ್ರಬಲ ಎಲ್ ನಿನೊಗಳಲ್ಲಿ ಒಂದು ಬಂದರೂ ದೇಶದ ಮುಂಗಾರು ವಾಡಿಕೆಯಷ್ಟು ಸುರಿಯಿತು. 2002ರಲ್ಲಿ ಸಾಧಾರಣ ಎಲ್ ನಿನೊ, ಮಳೆ ಶೇ 19 ಕೊರತೆ. ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಬಿಸಿ, ಪೂರ್ವ ಭಾಗ ತಂಪು ಇದ್ದರೆ ಅದು ನಮಗೆ ಸಹಾಯಕ್ಕೆ ಬರಬಹುದು. 2023ರಲ್ಲಿ ಆ ನೆರವು ಸಾಕಾಗಲಿಲ್ಲ. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು.

ಭಾರತ ಜಗತ್ತಿಗಿಂತ ಕಡಿಮೆ ಬಿಸಿಯಾಗಿದೆ ಎನ್ನುತ್ತಾರೆ, ನಿಜವೇ?

ನಿಜ. 1901ರಿಂದ 2018ರ ನಡುವೆ ದೇಶದ ಸರಾಸರಿ ಏರಿಕೆ ಸುಮಾರು 0.7 ಡಿಗ್ರಿ, ಜಗತ್ತಿನ ಭೂಪ್ರದೇಶದ ಸರಾಸರಿಗಿಂತ ಕಡಿಮೆ. ನಮ್ಮ ಗಾಳಿಯಲ್ಲಿ ತೇಲುವ ಹೊಗೆ ಮತ್ತು ಸಲ್ಫೇಟ್ ಕಣಗಳು ಬಿಸಿಲನ್ನು ತಡೆಯುವುದು ಇದಕ್ಕೆ ಒಂದು ಮುಖ್ಯ ಕಾರಣ, ನೀರಾವರಿಯ ತಂಪು ಇನ್ನೊಂದು. 1991ರಲ್ಲಿ ಫಿಲಿಪ್ಪೀನ್ಸಿನ ಪಿನಾಟುಬೊ ಜ್ವಾಲಾಮುಖಿ ಸಿಡಿದಾಗ ಇಂಥ ಕಣಗಳೇ ಮೇಲೇರಿ ಜಗತ್ತನ್ನು ಅರ್ಧ ಡಿಗ್ರಿಯಷ್ಟು ತಣ್ಣಗಾಗಿಸಿದ್ದವು. ದಕ್ಷಿಣ ಏಷ್ಯಾದ ಮೇಲಿನ ಕಂದು ಹೊಗೆಯನ್ನು 1999ರಲ್ಲಿ ಹಿಂದೂ ಮಹಾಸಾಗರದ ಮೇಲೆ ನಡೆದ ಇಂಡೋಎಕ್ಸ್ ಅಧ್ಯಯನದಲ್ಲಿ ಅಳೆದವರಲ್ಲಿ ಪ್ರಮುಖರು ವೀರಭದ್ರನ್ ರಾಮನಾಥನ್. ಅವರೂ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರೇ. ಶ್ವಾಸಕೋಶಕ್ಕೆ ವಿಷವಾದ ಈ ಹೊಗೆ ತಿಳಿಯಾದರೆ ಅಡಗಿದ್ದ ಬಿಸಿ ಬೇಗ ಹೊರಬೀಳುತ್ತದೆ. ಹಾಗೆಂದು ಹೊಗೆಯನ್ನೇ ಉಳಿಸಿಕೊಳ್ಳೋಣ ಎನ್ನುವ ಜಾಣತನ ನನಗೆ ಅರ್ಥವಾಗದು: ಕಣಗಳು ಒಂದೆರಡು ವಾರದಲ್ಲಿ ಕೆಳಗಿಳಿಯುತ್ತವೆ, ಇಂಗಾಲ ಶತಮಾನಗಟ್ಟಲೆ ಉಳಿಯುತ್ತದೆ.

ಇದೆಲ್ಲ ಓಝೋನ್ ರಂಧ್ರದಿಂದಲ್ಲವೇ?

ಅಲ್ಲ, ಅದು ಬೇರೆ ಸಮಸ್ಯೆ. ಒಂದು ಕೊಂಡಿ ಮಾತ್ರ ಇದೆ: ಓಝೋನ್ ಕೊರೆಯುವ ಸಿಎಫ್‌ಸಿ ಅನಿಲಗಳು ಪ್ರಬಲ ಹಸಿರುಮನೆ ಅನಿಲಗಳೂ ಹೌದು. ಅದನ್ನು 1975ರಲ್ಲಿ ತೋರಿಸಿದವರು ಮೇಲೆ ಹೇಳಿದ ರಾಮನಾಥನ್ ಅವರೇ.

ಇವತ್ತೇ ಹೊಗೆ ಕಡಿಮೆ ಮಾಡಿದರೆ ತಾಪಮಾನ ಇಳಿಯುತ್ತದೆಯೇ?

ಕೆರೆಗೆ ಬರುವ ಹಳ್ಳದ ನೀರು ಅರ್ಧಕ್ಕಿಳಿದರೂ, ತೂಬಿನಿಂದ ಹೋಗುವುದು ಅದಕ್ಕಿಂತ ಕಡಿಮೆಯಿದ್ದರೆ ಕೆರೆ ತುಂಬುತ್ತಲೇ ಇರುತ್ತದೆ. ನಾವು ಹೊರಹಾಕುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಅರ್ಧಕ್ಕಿಂತ ತುಸು ಹೆಚ್ಚನ್ನು ಕಾಡು, ಮಣ್ಣು ಮತ್ತು ಸಮುದ್ರ ಹೀರಿಕೊಳ್ಳುತ್ತವೆ, ಉಳಿದದ್ದು ಗಾಳಿಯಲ್ಲಿ ಸೇರುತ್ತದೆ. ಹೊರಸೂಸುವುದು ಪೂರ್ತಿ ಸೊನ್ನೆಯಾದರೆ ತಾಪಮಾನದ ಏರಿಕೆ ಹೆಚ್ಚುಕಡಿಮೆ ನಿಲ್ಲುತ್ತದೆ, ಆದರೆ ಬೇಗನೆ ಇಳಿಯುವುದಿಲ್ಲ. ಮೀಥೇನ್ ಹಾಗಲ್ಲ, ಅದರ ಆಯುಸ್ಸು ಸುಮಾರು 12 ವರ್ಷ. ಅದನ್ನು ತಡೆದರೆ ಫಲ ಒಂದೇ ತಲೆಮಾರಿನಲ್ಲಿ ಕಾಣುತ್ತದೆ.

ವಿಜ್ಞಾನಿಗಳಲ್ಲೇ ಇನ್ನೂ ತೀರದ ವಾದ ಯಾವುದು?

ಮೋಡ. ಸಮುದ್ರದ ಮೇಲೆ ತಗ್ಗಿನಲ್ಲಿ ಹರಡಿದ ಬಿಳಿ ಮೋಡ ಬಿಸಿಲನ್ನು ತಿರುಗಿಸಿ ತಂಪು ಮಾಡುತ್ತದೆ, ಎತ್ತರದ ತೆಳು ಮೋಡ ಶಾಖವನ್ನು ಹಿಡಿದು ಬಿಸಿ ಮಾಡುತ್ತದೆ. ಬಿಸಿಯಾದ ಜಗತ್ತಿನಲ್ಲಿ ಒಟ್ಟು ಪರಿಣಾಮ ಬಿಸಿಯನ್ನು ಹೆಚ್ಚಿಸುವ ಕಡೆಗೇ ಎಂಬುದು ಈಗ ಹೆಚ್ಚು ಸ್ಪಷ್ಟವಾಗಿದೆ. ಎಷ್ಟು ಎಂಬುದರಲ್ಲಿ ಜಗಳ ಇದೆ. ಮೋಡ ಹುಟ್ಟುವುದು ನೂರಾರು ಮೀಟರ್ ಅಳತೆಯಲ್ಲಿ, ಜಾಗತಿಕ ಕಂಪ್ಯೂಟರ್ ಮಾದರಿಗಳು ಭೂಮಿಯನ್ನು ಭಾಗ ಮಾಡುವುದು ಸುಮಾರು 100 ಕಿ.ಮೀ. ಚೌಕಗಳಾಗಿ. ಅಂಥ ಮಾದರಿಯಲ್ಲಿ ಉಡುಪಿಯ ಕಡಲತೀರ, ಆಗುಂಬೆಯ ಘಾಟಿ, ತೀರ್ಥಹಳ್ಳಿಯ ಅಡಿಕೆ ತೋಟ ಮೂರೂ ಒಂದೇ ಚೌಕದಲ್ಲಿ ಬೀಳುತ್ತವೆ, ಕಡಿದಾದ ಘಟ್ಟ ಇಳಿಜಾರು ದಿಬ್ಬವಾಗಿಬಿಡುತ್ತದೆ. ಜಗತ್ತು ಬಿಸಿಯಾಗುತ್ತದೆ ಎನ್ನುವಷ್ಟು ಖಚಿತವಾಗಿ ಮಲೆನಾಡಿನ ಮಳೆ ಎಷ್ಟು ಬದಲಾಗುತ್ತದೆ ಎಂದು ಈ ಮಾದರಿಗಳು ಹೇಳಲಾರದಿರುವುದು ಈ ಕಾರಣಕ್ಕೆ. ಕೆಲವೇ ಕಿಲೋಮೀಟರುಗಳ ಚೌಕಗಳ ಮಾದರಿಗಳು ಈಗ ಬರುತ್ತಿವೆ. ಅವುಗಳಲ್ಲಿ ಘಟ್ಟ ಘಟ್ಟವಾಗಿಯೇ ಕಾಣುತ್ತದೆ.